ವರ್ಚುವಲ್ ಮೆಷೀನ್ ಹೋಸ್ಟ್ ಬದಲಿಸಿದಾಗ ಗಡಿಯಾರ ತಪ್ಪದಿರಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಸುರತ್ಕಲ್, ಉಡುಪಿ, ಮಣಿಪಾಲದ ಕಡೆ ಸಣ್ಣ ಸರ್ವರ್ ಕೋಣೆಗಳನ್ನು ನೋಡಿಕೊಳ್ಳುವ ಸ್ನೇಹಿತರು ನನ್ನಲ್ಲಿ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳು ಇವು. ಕಾಲೇಜು, ಸಹಕಾರಿ ಸಂಘ, ಆಸ್ಪತ್ರೆ ಎಲ್ಲಿಗೆ ಹೋದರೂ ನಮ್ಮ ಕಡೆಯ ಚಿತ್ರ ಸುಮಾರಾಗಿ ಒಂದೇ: ಎರಡೋ ಮೂರೋ ಹೋಸ್ಟ್‌ಗಳು, ಅಂದರೆ ಬೇರೆ ಬೇರೆ ವರ್ಷಗಳಲ್ಲಿ ಕೊಂಡ ನಿಜವಾದ ಯಂತ್ರಗಳು, ಅವುಗಳ ಮೇಲೆ ತಂತ್ರಾಂಶದಿಂದ ಸೃಷ್ಟಿಸಿದ ಇಪ್ಪತ್ತು ಮೂವತ್ತು ವರ್ಚುವಲ್ ಮೆಷೀನ್‌ಗಳು (ಇವೇ ಗೆಸ್ಟ್‌ಗಳು), ಮತ್ತು ಮಳೆಗಾಲದಲ್ಲಿ ಒಂದು ಹೋಸ್ಟ್ ಖಾಲಿ ಮಾಡಿ ಇನ್ನೊಂದಕ್ಕೆ ಎಲ್ಲವನ್ನೂ ಸಾಗಿಸಬೇಕಾಗುವ ತುರ್ತು. ನಾನು ಹೆಚ್ಚಾಗಿ ಬಳಸುವುದು ಲಿನಕ್ಸ್ ಮತ್ತು ಅದರ ಮೇಲೆ ವರ್ಚುವಲ್ ಮೆಷೀನ್ ಓಡಿಸುವ ತಂತ್ರಾಂಶ (ಹೈಪರ್‌ವೈಸರ್) ಕೆವಿಎಂ ಆದ್ದರಿಂದ ಉತ್ತರಗಳೂ ಅದರ ಸುತ್ತಲೇ ಇವೆ. ಇದೇ ಕೆಲಸ ಮಾಡುವ ವಿಎಂವೇರ್ ಮತ್ತು ಹೈಪರ್-ವಿ ಬೇರೆ ರೀತಿ ವರ್ತಿಸುವಲ್ಲಿ ಅದನ್ನು ಹೇಳಿದ್ದೇನೆ.

ಲೈವ್ ಮೈಗ್ರೇಶನ್‌ನಲ್ಲಿ (ಓಡುತ್ತಿರುವ ಗೆಸ್ಟ್ ಅನ್ನು ಆಫ್ ಮಾಡದೆ ಬೇರೆ ಹೋಸ್ಟ್‌ಗೆ ಸಾಗಿಸುವಾಗ) ಮೆಮೊರಿಯೆಲ್ಲ ಇದ್ದ ಹಾಗೆಯೇ ಹೋಗುತ್ತದೆ. ಹಾಗಿದ್ದ ಮೇಲೆ ಗಡಿಯಾರ ಏಕೆ ತಪ್ಪಬೇಕು?

ಸಮಯ ಪೂರ್ತಿಯಾಗಿ ಮೆಮೊರಿಯಲ್ಲಿ ಇಲ್ಲದಿರುವುದೇ ಕಾರಣ. ಗೆಸ್ಟ್‌ನ ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸಮಯವನ್ನು ಎರಡು ಭಾಗಗಳಿಂದ ಕಟ್ಟುತ್ತದೆ: ಹಿಂದಿನ ಯಾವುದೋ ಕ್ಷಣದಲ್ಲಿ ಬರೆದಿಟ್ಟ ಒಂದು ಮೂಲ ಬೆಲೆ, ಮತ್ತು ಆ ಕ್ಷಣದಿಂದ ಈಚೆಗೆ ಯಂತ್ರಾಂಶದ ಒಂದು ಎಣಿಕೆ ಎಷ್ಟು ಮುಂದೆ ಹೋಗಿದೆ ಎಂಬ ಲೆಕ್ಕ. ಮೂಲ ಬೆಲೆ ಮೆಮೊರಿಯಲ್ಲಿದೆ, ಆದ್ದರಿಂದ ಅದು ಪ್ರತಿಯಾಗಿ ಹೊಸ ಹೋಸ್ಟ್‌ಗೆ ತಲುಪುತ್ತದೆ. ಎಣಿಕೆ ಮಾತ್ರ ಹಳೆಯ ಹೋಸ್ಟ್‌ನ ಪ್ರೊಸೆಸರ್‌ನಲ್ಲಿಯೇ ಉಳಿಯುತ್ತದೆ. ಹೊಸ ಹೋಸ್ಟ್‌ನ ಎಣಿಕೆ ಬೇರೆ ಸಂಖ್ಯೆಯಲ್ಲಿ ನಿಂತಿರುತ್ತದೆ, ಬೇರೆ ವೇಗದಲ್ಲಿಯೂ ಓಡುತ್ತಿರಬಹುದು. ಇದರ ಜೊತೆಗೆ ಗೆಸ್ಟ್ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ನಿಂತಿದ್ದ ಒಂದು ಅವಧಿ ಇದೆ. ಈ ಮೂರನ್ನೂ ಯಾರಾದರೂ ಸರಿದೂಗಿಸಬೇಕು.

ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ನಡೆಯುವಾಗ ಅಕ್ಷಯ ಪಾತ್ರೆ, ಸಟ್ಟುಗ, ಕೀಲಿಕೈ ಒಂದು ಮಠದ ಕೈಯಿಂದ ಇನ್ನೊಂದು ಮಠದ ಕೈಗೆ ಹೋಗುತ್ತವೆ, ನಿತ್ಯಪೂಜೆ ನಿಲ್ಲುವುದಿಲ್ಲ. ಮೈಗ್ರೇಶನ್‌ನಲ್ಲಿಯೂ ಹಸ್ತಾಂತರವಾಗಬೇಕಾದ ವಸ್ತುಗಳ ಪಟ್ಟಿ ಹೀಗೆಯೇ ಖಚಿತವಾಗಿರಬೇಕು. ಎಣಿಕೆಯ ಬೆಲೆ ಮತ್ತು ಎಣಿಕೆಯ ವೇಗ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ಸರಿಯಾಗಿ ತಲುಪಿಯೂ ಗಡಿಯಾರ ಕೆಡುತ್ತದೆ.

ಒಂದು ಸಲ ಸಾಗಿಸಿದರೆ ಎಷ್ಟು ಸಮಯ ಕಳೆದುಹೋಗುತ್ತದೆ?

ಸಾಮಾನ್ಯ ಕ್ರಮದಲ್ಲಿ ಗೆಸ್ಟ್ ಓಡುತ್ತಿರುವಾಗಲೇ ಮೆಮೊರಿಯ ಪುಟಗಳು ಸುತ್ತು ಸುತ್ತಾಗಿ ಪ್ರತಿಯಾಗುತ್ತವೆ, ಕೊನೆಯಲ್ಲಿ ಉಳಿದ ಸ್ವಲ್ಪ ಪುಟಗಳಿಗಾಗಿ ಮಾತ್ರ ಗೆಸ್ಟ್ ನಿಲ್ಲುತ್ತದೆ. ಕೆವಿಎಂ ಜೊತೆ ಸೇರಿ ಗೆಸ್ಟ್ ಓಡಿಸುವ ಕ್ಯೂಇಎಂಯುವಿನಲ್ಲಿ ಈ ನಿಲುಗಡೆಗೆ ಮೊದಲೇ ಇಟ್ಟಿರುವ ಗುರಿ 300 ಮಿಲಿಸೆಕೆಂಡ್. ನಿಂತ ಗೆಸ್ಟ್‌ನ ಕೆವಿಎಂ-ಕ್ಲಾಕ್ (ಕೆವಿಎಂ ಗೆಸ್ಟ್‌ಗೆ ಕೊಡುವ ಗಡಿಯಾರ) ಕೂಡ ನಿಲ್ಲುತ್ತದೆ ಮತ್ತು ಹೊಸ ಹೋಸ್ಟ್‌ನಲ್ಲಿ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದ್ದರಿಂದ ನಿಂತಷ್ಟು ಹೊತ್ತು ಗೆಸ್ಟ್‌ನ ಸಮಯ ಹಿಂದೆ ಬೀಳುತ್ತದೆ. ಹತ್ತು ಸಲ ಅತ್ತಿತ್ತ ಸಾಗಿಸಿ ನಡುವೆ ಯಾರೂ ತಿದ್ದದಿದ್ದರೆ ಎರಡು ಮೂರು ಸೆಕೆಂಡ್ ಹಿಂದೆ ಬಿದ್ದಿರುವುದು ಕಾಣುತ್ತದೆ.

ಇದು ದೋಷ ಎನ್ನುವುದಕ್ಕಿಂತ ತಿಳಿದು ಮಾಡಿದ ಆಯ್ಕೆ. ಒಳಗಿನ ಪ್ರೋಗ್ರಾಮ್‌ಗಳ ದೃಷ್ಟಿಯಲ್ಲಿ ಸಮಯ ಇದ್ದಕ್ಕಿದ್ದಂತೆ ಜಿಗಿಯುವುದಕ್ಕಿಂತ ಕಾಣದಂತೆ ನಿಂತು ಮುಂದುವರಿಯುವುದು ಮೇಲು; ಗೋಡೆಗಡಿಯಾರದ, ಅಂದರೆ ದಿನದ ಸಮಯದ, ವ್ಯತ್ಯಾಸವನ್ನು ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ನಂತರ ಸರಿಪಡಿಸಲಿ ಎಂಬುದು ಅದರ ಹಿಂದಿನ ಲೆಕ್ಕ. ಎನ್‌ಟಿಪಿ ಇಲ್ಲದ ಗೆಸ್ಟ್‌ಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ನಮ್ಮ ಹಳೆಯ ಹೋಸ್ಟ್ 2.4 ಗಿಗಾಹರ್ಟ್ಸ್, ಹೊಸತು 2.6 ಗಿಗಾಹರ್ಟ್ಸ್. ಇದರಿಂದ ತೊಂದರೆ ಇದೆಯೇ?

ಇರಬಹುದು, ಮತ್ತು ಇದ್ದರೆ ದೊಡ್ಡದೇ ಇರುತ್ತದೆ. 1993ರ ಪೆಂಟಿಯಮ್‌ನೊಂದಿಗೆ ಬಂದ ಟೈಮ್ ಸ್ಟ್ಯಾಂಪ್ ಕೌಂಟರ್, ಅಂದರೆ ಟಿಎಸ್‌ಸಿ, ಇಂದಿಗೂ ಅತಿ ಅಗ್ಗವಾಗಿ ಓದಬಹುದಾದ ಎಣಿಕೆ. ಈಗಿನ ಪ್ರೊಸೆಸರ್‌ಗಳಲ್ಲಿ ಅದು ವಿದ್ಯುತ್ ಉಳಿತಾಯದ ಸ್ಥಿತಿಗಳಲ್ಲಿಯೂ ಒಂದೇ ವೇಗದಲ್ಲಿ ಓಡುತ್ತದೆ. ಆದರೆ ಆ ವೇಗ ಒಂದು ಮಾದರಿಯಿಂದ ಇನ್ನೊಂದಕ್ಕೆ ಬೇರೆ. ಗೆಸ್ಟ್ ಬೂಟ್ ಆಗುವಾಗ ಒಮ್ಮೆ ಆ ವೇಗವನ್ನು ತಿಳಿದುಕೊಂಡು, ಮುಂದೆಲ್ಲ ಅದನ್ನೇ ನಂಬುತ್ತದೆ. 2.4 ಎಂದು ನಂಬಿದ ಗೆಸ್ಟ್ 2.6ರ ಮೇಲೆ ಓಡಿದರೆ ಪ್ರತಿ 60 ಸೆಕೆಂಡಿಗೆ 65 ಸೆಕೆಂಡ್ ಎಣಿಸುತ್ತದೆ. ನಿಮಿಷಕ್ಕೆ ಐದು ಸೆಕೆಂಡ್, ಗಂಟೆಗೆ ಐದು ನಿಮಿಷ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಒಂದು ಜುಲೈ ಸಂಜೆ, ಮಂಗಳೂರಿನ ಒಂದು ಸಂಸ್ಥೆಯ ಸರ್ವರ್ ಕೋಣೆಯಲ್ಲಿ ಒಂದು ಯುಪಿಎಸ್‌ನ ಬ್ಯಾಟರಿ ಕೈಕೊಟ್ಟಿತು; ಹೊರಗೆ ಕರೆಂಟ್ ಹೋಗಿ ಬರುತ್ತಿತ್ತು. ಆ ಸಾಲಿನ ಹೋಸ್ಟ್‌ನಲ್ಲಿದ್ದ ಡೇಟಾಬೇಸ್ ಗೆಸ್ಟ್‌ ಅನ್ನು ನಾನೇ ಹೊಸ ಹೋಸ್ಟ್‌ಗೆ ಸಾಗಿಸಿದೆ. ಪಿಂಗ್ ತಪ್ಪಲಿಲ್ಲ, ಕೌಂಟರ್‌ನಲ್ಲಿ ಕೆಲಸ ನಿಲ್ಲಲಿಲ್ಲ, ನಾವು ಚಹಾ ಕುಡಿಯಲು ಹೋದೆವು. ಅರ್ಧ ಗಂಟೆಯೊಳಗೆ ಕೌಂಟರ್‌ನವರು ಎರಡು ರಸೀದಿಗಳನ್ನು ಹಿಡಿದು ಬಂದರು. 4417ನೆಯ ರಸೀದಿಯ ಮೇಲೆ ಸಮಯ 6:52:31 ಎಂದಿತ್ತು. ಅದರ ನಂತರ ಹರಿದ 4418ರ ಮೇಲೆ 6:52:06 ಎಂದಿತ್ತು. ಎರಡನೆಯ ಗ್ರಾಹಕ ಮೊದಲನೆಯವನಿಗಿಂತ 25 ಸೆಕೆಂಡ್ ಮುಂಚೆ ಹಣ ಕಟ್ಟಿದಂತಾಗಿತ್ತು.

ನಡೆದದ್ದು ಇಷ್ಟು. ಡೇಟಾಬೇಸ್‌ಗೆ ವೇಗ ಬರಲಿ ಎಂದು ಹಿಂದೆ ಯಾರೋ ಆ ಗೆಸ್ಟ್‌ನ ಬೂಟ್ ಸಾಲಿನಲ್ಲಿ ಟಿಎಸ್‌ಸಿಯನ್ನೇ ನೇರವಾಗಿ ಬಳಸಬೇಕು, ಅದನ್ನು ಸಂಶಯಿಸಬಾರದು ಎಂದು ಬರೆದಿದ್ದರು. ಟಿಎಸ್‌ಸಿ ವೇಗವನ್ನು ಗೆಸ್ಟ್‌ಗೆ ಬೇಕಾದಂತೆ ಹೊಂದಿಸಿ ತೋರಿಸುವ ಸೌಲಭ್ಯ ಹೊಸ ಹೋಸ್ಟ್‌ನಲ್ಲಿ ಚಾಲನೆಯಲ್ಲಿ ಇರಲಿಲ್ಲ. ಗೆಸ್ಟ್ ನಿಮಿಷಕ್ಕೆ ಐದು ಸೆಕೆಂಡ್ ಮುಂದೆ ಓಡುತ್ತಿತ್ತು. ಒಳಗಿದ್ದ ಎನ್‌ಟಿಪಿ ಕೆಲವು ನಿಮಿಷಗಳಿಗೊಮ್ಮೆ ಅದನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿತ್ತು. ಮುಂದೆ ಓಡು, ಹಿಂದೆ ಜಿಗಿ, ಮತ್ತೆ ಮುಂದೆ ಓಡು. ನಾಚಿಕೆಯ ವಿಷಯವೆಂದರೆ ವೇಗ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಹೋಸ್ಟ್‌ನ ಲಾಗ್‌ನಲ್ಲಿ ಆರಂಭದಲ್ಲಿಯೇ ಇತ್ತು. ನಾವು ಪಿಂಗ್ ನೋಡಿದೆವು, ಲಾಗ್ ನೋಡಲಿಲ್ಲ.

ಹಾಗಾದರೆ ಒಂದೇ ಮಾದರಿಯ ಹೋಸ್ಟ್‌ಗಳನ್ನೇ ಕೊಳ್ಳಬೇಕೇ?

ಬೇಡ. ಮೊದಲು ಪ್ರೊಸೆಸರ್‌ಗೆ ಟಿಎಸ್‌ಸಿ ಸ್ಕೇಲಿಂಗ್, ಅಂದರೆ ಮೇಲೆ ಹೇಳಿದ ವೇಗ ಹೊಂದಿಸಿ ತೋರಿಸುವ ಸೌಲಭ್ಯ, ಇದೆಯೇ ಎಂದು ನೋಡಬೇಕು. ಎಎಂಡಿಯಲ್ಲಿ ಇದು ಬುಲ್ಡೋಜರ್ ಕಾಲದಿಂದ ಇದೆ. ಇಂಟೆಲ್‌ನ ಸರ್ವರ್‌ಗಳಲ್ಲಿ ಸ್ಕೈಲೇಕ್ ಪೀಳಿಗೆಯಿಂದ ಇದೆ ಎಂದು ಎಣಿಸಿಕೊಳ್ಳಬಹುದು. ಇದು ಇದ್ದರೆ ಗೆಸ್ಟ್ ಹುಟ್ಟಿದ ವೇಗವೇ ಅದಕ್ಕೆ ಎಲ್ಲ ಕಡೆಯೂ ಕಾಣುತ್ತದೆ.

ಸ್ಕೇಲಿಂಗ್ ಇಲ್ಲದ ಕಡೆ ಕೆವಿಎಂ 250 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 250 ಭಾಗದಷ್ಟು ವ್ಯತ್ಯಾಸವನ್ನು ಮಾತ್ರ ಸಹಿಸುತ್ತದೆ. ಒಂದೇ ಮಾದರಿಯ ಎರಡು ಪ್ರೊಸೆಸರ್‌ಗಳ ನಡುವಿನ ಸಹಜ ಏರುಪೇರು ಇದರೊಳಗೆ ಬರುತ್ತದೆ, 2.4 ಮತ್ತು 2.6ರ ನಡುವಿನದು ಬರುವುದಿಲ್ಲ. ಇನ್ನೊಂದು ಮಾತು: ಗೆಸ್ಟ್‌ಗೆ ಬದಲಾಗದ ಟಿಎಸ್‌ಸಿ ಇದೆ ಎಂದು ಕ್ಯೂಇಎಂಯುವಿನಲ್ಲಿ ಘೋಷಿಸಿದರೆ, ಟಿಎಸ್‌ಸಿ ಆವರ್ತನವನ್ನೂ ಸ್ಪಷ್ಟವಾಗಿ ಬರೆಯದ ಹೊರತು ಅದು ಮೈಗ್ರೇಶನ್‌ಗೆ ಒಪ್ಪುವುದಿಲ್ಲ. ತುರ್ತಿನ ಹೊತ್ತಿನಲ್ಲಿ ಈ ನಿರಾಕರಣೆ ಕಿರಿಕಿರಿ ಎನಿಸುತ್ತದೆ, ಆದರೆ ಮೇಲಿನ ರಸೀದಿಗಳನ್ನು ನೋಡಿದ ಮೇಲೆ ನನಗೆ ಅದರ ಮೇಲೆ ಸಿಟ್ಟಿಲ್ಲ.

ಕೆವಿಎಂ-ಕ್ಲಾಕ್ ಈ ತೊಂದರೆಯನ್ನು ಹೇಗೆ ತಪ್ಪಿಸುತ್ತದೆ?

ವೇಗವನ್ನು ಗೆಸ್ಟ್ ತಾನೇ ಊಹಿಸಲು ಬಿಡದೆ ಹೋಸ್ಟ್‌ನಿಂದ ಹೇಳಿಸುವ ಮೂಲಕ. ಹೋಸ್ಟ್ ಮತ್ತು ಗೆಸ್ಟ್ ಇಬ್ಬರಿಗೂ ಕಾಣುವ ಒಂದು ಮೆಮೊರಿ ಪುಟದಲ್ಲಿ ಹೋಸ್ಟ್ ನಾಲ್ಕಾರು ಸಂಖ್ಯೆಗಳನ್ನು ಬರೆದಿಡುತ್ತದೆ: ಇಂಥ ಟಿಎಸ್‌ಸಿ ಬೆಲೆಯ ಹೊತ್ತಿಗೆ ಸಮಯ ಇಷ್ಟಿತ್ತು, ಅಲ್ಲಿಂದ ಮುಂದೆ ಎಣಿಕೆಯನ್ನು ನ್ಯಾನೋಸೆಕೆಂಡಿಗೆ ತಿರುಗಿಸಲು ಇದರಿಂದ ಗುಣಿಸಿ ಇಷ್ಟು ಸರಿಸು ಎಂದು. ಗೆಸ್ಟ್ ಟಿಎಸ್‌ಸಿ ಓದಿ ಆ ಲೆಕ್ಕ ಮಾಡುತ್ತದೆ. ಹೋಸ್ಟ್ ಬದಲಾದಾಗ ಹೊಸ ಹೋಸ್ಟ್ ತನ್ನ ವೇಗಕ್ಕೆ ತಕ್ಕ ಗುಣಕವನ್ನು ಅಲ್ಲಿ ಬರೆಯುತ್ತದೆ. ಗೆಸ್ಟ್‌ಗೆ ಮರುಲೆಕ್ಕದ ಗೊಡವೆಯೇ ಇಲ್ಲ.

ಆ ಪುಟದಲ್ಲಿರುವ ಒಂದು ಆವೃತ್ತಿ ಸಂಖ್ಯೆ ನನಗೆ ವಿಶೇಷವಾಗಿ ಇಷ್ಟ. ಹೋಸ್ಟ್ ಬರೆಯಲು ತೊಡಗಿದಾಗ ಅದನ್ನು ಬೆಸ ಸಂಖ್ಯೆ ಮಾಡುತ್ತದೆ, ಮುಗಿಸಿದಾಗ ಸಮ ಸಂಖ್ಯೆ ಮಾಡುತ್ತದೆ. ಓದುವ ಗೆಸ್ಟ್ ಮೊದಲು ಆ ಸಂಖ್ಯೆ ನೋಡಿ, ಲೆಕ್ಕ ಮಾಡಿ, ಮತ್ತೆ ಅದೇ ಸಂಖ್ಯೆ ನೋಡುತ್ತದೆ. ಬೆಸವಾಗಿದ್ದರೆ ಅಥವಾ ನಡುವೆ ಬದಲಾಗಿದ್ದರೆ ಮತ್ತೊಮ್ಮೆ ಓದುತ್ತದೆ. ಅರ್ಧ ಹಳೆಯ ಹೋಸ್ಟ್‌ನದು, ಅರ್ಧ ಹೊಸ ಹೋಸ್ಟ್‌ನದು ಎಂಬ ಕಲಬೆರಕೆ ಸಮಯ ಗೆಸ್ಟ್‌ಗೆ ಸಿಗದಿರುವುದು ಈ ಸಣ್ಣ ಉಪಾಯದಿಂದ. ಗೆಸ್ಟ್ ನಿಂತಿತ್ತು ಎಂದು ತಿಳಿಸುವ ಗುರುತೂ ಅದೇ ಪುಟದಲ್ಲಿದೆ. ಪ್ರೊಸೆಸರ್ ಸಿಕ್ಕಿಹಾಕಿಕೊಂಡಿದೆ ಎಂದು ಕರ್ನೆಲ್ ಸುಮ್ಮನೆ ಕೂಗಾಡದಿರಲು ಅದು ನೆರವಾಗುತ್ತದೆ.

ಯಾವ ಮೂಲ ಬಳಕೆಯಲ್ಲಿದೆ ಎಂದು ಗೆಸ್ಟ್‌ನ ಸಿಸ್ ಕಡತ ವ್ಯವಸ್ಥೆಯಲ್ಲಿ ಕ್ಲಾಕ್‌ಸೋರ್ಸ್ ಫೋಲ್ಡರ್‌ನ ‘ಕರೆಂಟ್ ಕ್ಲಾಕ್‌ಸೋರ್ಸ್’ ಕಡತ ತೆರೆದರೆ ತಿಳಿಯುತ್ತದೆ. ಅಲ್ಲಿ ಎಸಿಪಿಐ ಅಥವಾ ಎಚ್‌ಪಿಇಟಿ (ಯಂತ್ರದ ಬೇರೆ ಟೈಮರ್‌ಗಳು) ಎಂದಿದ್ದರೆ ಸಮಯ ಸರಿಯಿರಬಹುದು, ಆದರೆ ಪ್ರತಿ ಓದಿಗೂ ಗೆಸ್ಟ್ ಹೈಪರ್‌ವೈಸರ್‌ನ ಬಾಗಿಲು ತಟ್ಟಬೇಕಾಗುವುದರಿಂದ ನಿಧಾನ.

ವಿಂಡೋಸ್ ಗೆಸ್ಟ್‌ಗಳಿಗೆ, ವಿಎಂವೇರ್‌ಗೆ ಇದೇ ಮಾತೇ?

ತತ್ವ ಒಂದೇ, ಹೆಸರು ಬೇರೆ. ಹೈಪರ್-ವಿ ಇದೇ ಬಗೆಯ ಒಂದು ಪುಟವನ್ನು 100 ನ್ಯಾನೋಸೆಕೆಂಡ್‌ನ ಏಕಮಾನದಲ್ಲಿ ಇಡುತ್ತದೆ, ಮತ್ತು ಕೆವಿಎಂ ಕೂಡ ವಿಂಡೋಸ್ ಗೆಸ್ಟ್‌ಗಾಗಿ ಅದನ್ನು ಅನುಕರಿಸಬಲ್ಲದು. ಗೆಸ್ಟ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ‘ಹೈಪರ್‌ವಿ ಕ್ಲಾಕ್’ ಎಂಬ ಟೈಮರ್ ಸೇರಿಸಿದರೆ ಸಾಕು. ವಿಎಂವೇರ್‌ನಲ್ಲಿ ನೆನಪಿಡಬೇಕಾದ ಒಂದು ವಿಚಿತ್ರವಿದೆ. ಗೆಸ್ಟ್‌ನೊಳಗೆ ಹಾಕುವ ವಿಎಂವೇರ್ ಟೂಲ್ಸ್‌ನ ನಿಯತಕಾಲಿಕ ಸಮಯ ಹೊಂದಾಣಿಕೆಯನ್ನು ನೀವು ಆಫ್ ಮಾಡಿದ್ದರೂ, ವಿಮೋಶನ್ (ವಿಎಂವೇರ್‌ನ ಲೈವ್ ಮೈಗ್ರೇಶನ್), ಸ್ನ್ಯಾಪ್‌ಶಾಟ್ (ಗೆಸ್ಟ್‌ನ ಆ ಕ್ಷಣದ ಸ್ಥಿತಿಯ ಪ್ರತಿ), ತಡೆಹಿಡಿದು ಮತ್ತೆ ಎಬ್ಬಿಸುವುದು ಮೊದಲಾದ ಘಟನೆಗಳಲ್ಲಿ ಅದು ಒಮ್ಮೆ ಹೋಸ್ಟ್‌ನ ಸಮಯವನ್ನು ಗೆಸ್ಟ್‌ಗೆ ಹಾಕುತ್ತದೆ. ಹೋಸ್ಟ್‌ನ ಗಡಿಯಾರವೇ ತಪ್ಪಾಗಿದ್ದರೆ ಸರಿಯಾಗಿದ್ದ ಗೆಸ್ಟ್ ಮೈಗ್ರೇಶನ್ ಆದ ಕೂಡಲೇ ಕೆಡುತ್ತದೆ, ಮತ್ತು ಕಾರಣ ಹುಡುಕುವವರು ಗೆಸ್ಟ್‌ನೊಳಗೇ ಹುಡುಕುತ್ತಾ ಕೂರುತ್ತಾರೆ.

ಹೋಸ್ಟ್‌ನಲ್ಲಿ ಎನ್‌ಟಿಪಿ ಇದೆ. ಗೆಸ್ಟ್‌ನಲ್ಲಿಯೂ ಬೇಕೇ?

ಬೇಕು. ಗೆಸ್ಟ್ ಬಳಸುವುದು ಹೋಸ್ಟ್‌ನ ಎಣಿಕೆಯನ್ನು. ಹೋಸ್ಟ್ ತನ್ನ ಗೋಡೆಗಡಿಯಾರಕ್ಕೆ ಮಾಡಿಕೊಳ್ಳುವ ತಿದ್ದುಪಡಿ ತಾನಾಗಿ ಗೆಸ್ಟ್‌ಗೆ ಇಳಿಯುತ್ತದೆ ಎಂದು ನಂಬುವಂತಿಲ್ಲ. ಹೋಸ್ಟ್‌ಗಳಲ್ಲಿಯೂ ಬೇಕು, ಏಕೆಂದರೆ ಗೆಸ್ಟ್ ಬೂಟ್ ಆಗುವಾಗ ಮೊದಲ ಸಮಯ ಬರುವುದು ಅಲ್ಲಿಂದ, ಮತ್ತು ಎರಡು ಹೋಸ್ಟ್‌ಗಳ ಲಾಗ್‌ಗಳನ್ನು ಜೋಡಿಸಿ ಓದದೆ ಮೈಗ್ರೇಶನ್‌ನ ತೊಂದರೆ ಬಿಡಿಸಲು ಆಗುವುದಿಲ್ಲ.

ಅಂಕಿಗಳಲ್ಲಿ ನೋಡಿ: ಒಂದು ಪಿಪಿಎಂ ಎಂದರೆ ದಿನಕ್ಕೆ 86.4 ಮಿಲಿಸೆಕೆಂಡ್. ಎರಡು ಹೋಸ್ಟ್‌ಗಳ ಎಣಿಕೆಗೆ ಲಯ ಕೊಡುವ ಸ್ಫಟಿಕಗಳ ನಡುವೆ 20 ಪಿಪಿಎಂ ವ್ಯತ್ಯಾಸವಿದ್ದರೆ, ತಿದ್ದುವವರಿಲ್ಲದೆ ಅವು ದಿನಕ್ಕೆ 1.7 ಸೆಕೆಂಡ್ ದೂರ ಸರಿಯುತ್ತವೆ. ಸಾಗಿಸುವ ದಿನ ಕಾಣಿಸಿಕೊಳ್ಳುವ ತಪ್ಪುಗಳಲ್ಲಿ ಹೆಚ್ಚಿನವು ಅಂದು ಹುಟ್ಟಿದವಲ್ಲ ಎಂಬುದು ನನ್ನ ಅನುಭವ. ಹೋಸ್ಟ್‌ಗಳ ನಡುವೆ ತಿಂಗಳುಗಟ್ಟಲೆ ಇದ್ದ ಭಿನ್ನಾಭಿಪ್ರಾಯ ಅಂದು ಬಯಲಾಗುತ್ತದೆ, ಅಷ್ಟೆ.

ಗೆಸ್ಟ್‌ನೊಳಗಿನ ಎನ್‌ಟಿಪಿಗೆ ಇನ್ನೊಂದು ಕಷ್ಟವೂ ಇದೆ. ಅದು ವಾರಗಟ್ಟಲೆ ಗಮನಿಸಿ ಹಳೆಯ ಹೋಸ್ಟ್‌ನ ಸ್ಫಟಿಕದ ಸ್ವಭಾವವನ್ನು ಕಲಿತು ಬರೆದಿಟ್ಟುಕೊಂಡಿರುತ್ತದೆ. ಹೊಸ ಹೋಸ್ಟ್‌ನಲ್ಲಿ ಆ ಪಾಠ ತಪ್ಪು, ಮರೆತು ಮತ್ತೆ ಕಲಿಯಬೇಕು. ಮೈಗ್ರೇಶನ್ ಆದ ಮೇಲೆ ಕೆಲವು ಹೊತ್ತು ವ್ಯತ್ಯಾಸ ಏರಿಳಿಯುವುದಕ್ಕೆ ಇದೇ ಕಾರಣ, ಗಾಬರಿಯಾಗಬೇಕಿಲ್ಲ.

ಎನ್‌ಟಿಪಿಯೂ ಇರಲಿ, ಹೈಪರ್‌ವೈಸರ್‌ನ ಸಮಯ ಹೊಂದಾಣಿಕೆಯೂ ಇರಲಿ, ಎರಡಿದ್ದರೆ ಒಳ್ಳೆಯದಲ್ಲವೇ?

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಈ ಪ್ರಶ್ನೆಗೆ ಸಾಕಷ್ಟು ಉತ್ತರ. ಎನ್‌ಟಿಪಿ ನಯವಾಗಿ ತಿದ್ದುತ್ತಿರುವಾಗ ಟೂಲ್ಸ್ ನಡುವೆ ಬಂದು ಸಮಯವನ್ನು ಒಮ್ಮೆಲೇ ಬದಲಿಸಿದರೆ, ತನ್ನ ಲೆಕ್ಕ ತಪ್ಪಿತೆಂದು ಎನ್‌ಟಿಪಿ ಇನ್ನೊಂದು ದಿಕ್ಕಿಗೆ ತಿದ್ದುತ್ತದೆ. ಒಂದು ಗೆಸ್ಟ್‌ಗೆ ಒಬ್ಬರೇ ಯಜಮಾನರು ಇರಬೇಕು. ಲಿನಕ್ಸ್ ಗೆಸ್ಟ್‌ಗೆ ಕ್ರೋನಿ ಎಂಬ ಎನ್‌ಟಿಪಿ ತಂತ್ರಾಂಶ, ಡೊಮೇನ್‌ನಲ್ಲಿರುವ ವಿಂಡೋಸ್‌ಗೆ ಡೊಮೇನ್ ಕಂಟ್ರೋಲರ್ (ಆ ಜಾಲದ ಲಾಗಿನ್ ನೋಡಿಕೊಳ್ಳುವ ಸರ್ವರ್) ಎಂಬುದು ನನ್ನ ಆಯ್ಕೆ. ಸ್ವತಃ ಡೊಮೇನ್ ಕಂಟ್ರೋಲರ್ ಗೆಸ್ಟ್ ಆಗಿದ್ದರೆ ಅದು ಹೋಸ್ಟ್‌ನಿಂದ ಸಮಯ ಪಡೆದು, ಹೋಸ್ಟ್ ಅದರಿಂದಲೇ ಪಡೆಯುವ ಸುತ್ತು ಬೀಳದಂತೆ ನೋಡಿಕೊಳ್ಳಿ. ಇಂಥ ಸುತ್ತು ಬಿದ್ದ ಕಡೆ ಎಲ್ಲ ಯಂತ್ರಗಳೂ ಪರಸ್ಪರ ಒಪ್ಪುತ್ತವೆ, ಹೊರಜಗತ್ತಿನ ಜೊತೆ ಮಾತ್ರ ಒಪ್ಪುವುದಿಲ್ಲ.

ಹಿಂದೆ ಬಿದ್ದ ಸಮಯವನ್ನು ಒಮ್ಮೆಲೇ ಸರಿಪಡಿಸುವುದೋ, ನಿಧಾನವಾಗಿಯೋ?

ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸುರತ್ಕಲ್‌ನಲ್ಲಿ ನಾಲ್ಕು ನಿಮಿಷ ತಡವಾದ ಚಾಲಕ ಉಡುಪಿ ಮುಟ್ಟುವ ಮೊದಲು ಸ್ವಲ್ಪ ಸ್ವಲ್ಪ ವೇಗ ಹೆಚ್ಚಿಸಿ ಟೈಮ್ ಕೀಪರ್‌ನ ಪುಸ್ತಕಕ್ಕೆ ಸರಿಹೊಂದಿಸಿಕೊಳ್ಳುತ್ತಾನೆ. ಪಡುಬಿದ್ರಿಯನ್ನೂ ಕಾಪುವನ್ನೂ ಬಿಟ್ಟು ಹಾರುವುದಿಲ್ಲ. ಗಡಿಯಾರದ ವೇಗವನ್ನು ತುಸು ಏರಿಸಿ ಇಳಿಸಿ ತಿದ್ದುವುದು ಹೀಗೆಯೇ: ಯಾವ ಸೆಕೆಂಡೂ ತಪ್ಪುವುದಿಲ್ಲ, ಯಾವ ಸೆಕೆಂಡೂ ಎರಡು ಸಲ ಬರುವುದಿಲ್ಲ.

ಆದರೆ ವೇಗಕ್ಕೆ ಮಿತಿ ಇದೆ. ಹಳೆಯ ಎನ್‌ಟಿಪಿ ತಂತ್ರಾಂಶವಾದ ಎನ್‌ಟಿಪಿಡಿ 500 ಪಿಪಿಎಂ ಮೀರಿ ತಿದ್ದುವುದಿಲ್ಲ. ಒಂದು ಸೆಕೆಂಡ್ ಸರಿಪಡಿಸಲು ಅದಕ್ಕೆ 2000 ಸೆಕೆಂಡ್, ಅಂದರೆ 33 ನಿಮಿಷ ಬೇಕು. ಆದ್ದರಿಂದ ವ್ಯತ್ಯಾಸ 128 ಮಿಲಿಸೆಕೆಂಡ್ ದಾಟಿ ಅಲ್ಲಿಯೇ ನಿಂತರೆ ಅದು ಜಿಗಿಯುತ್ತದೆ. ಮೈಗ್ರೇಶನ್‌ನ 300 ಮಿಲಿಸೆಕೆಂಡ್ ಈ ಗೆರೆಯ ಆಚೆಗೆ ಇರುವುದನ್ನು ಗಮನಿಸಿ. ಕ್ರೋನಿ ಲಿನಕ್ಸ್‌ನಲ್ಲಿ ಸುಮಾರು 83,333 ಪಿಪಿಎಂವರೆಗೆ ತಿದ್ದಬಲ್ಲದು, ಅಂದರೆ ಒಂದು ಸೆಕೆಂಡನ್ನು 12 ಸೆಕೆಂಡ್‌ಗಳಲ್ಲಿ. ಮೈಗ್ರೇಶನ್ ಆಗುವ ಗೆಸ್ಟ್‌ಗಳಿಗೆ ನಾನು ಕ್ರೋನಿಯನ್ನು ಸೂಚಿಸಲು ಮುಖ್ಯ ಕಾರಣ ಇದು.

ಮುಂದಕ್ಕೆ ಜಿಗಿಯುವುದು ಹೆಚ್ಚಿನ ಪ್ರೋಗ್ರಾಮ್‌ಗಳಿಗೆ ಸಹ್ಯ. ಹಿಂದಕ್ಕೆ ಜಿಗಿಯುವುದು ಸಹ್ಯವಲ್ಲ. ಡೇಟಾಬೇಸ್ ಓಡುತ್ತಿರುವಾಗ ಸಮಯವನ್ನು ಕೈಯಾರೆ ಹಿಂದಕ್ಕೆ ಹಾಕಬೇಡಿ. ಎರಡು ನಿಮಿಷ ಮುಂದೆ ಓಡಿದ್ದರೆ ಸೇವೆ ನಿಲ್ಲಿಸಿ, ಸಮಯ ತಿದ್ದಿ, ಎರಡು ನಿಮಿಷ ಕಾದು ಮತ್ತೆ ಆರಂಭಿಸಿ. ಬೈಗುಳ ತಿನ್ನಬೇಕಾಗುತ್ತದೆ, ಲೆಕ್ಕ ಉಳಿಯುತ್ತದೆ.

ಮೈಗ್ರೇಶನ್ ಆಗಿ ಹತ್ತು ನಿಮಿಷವಾದರೂ ಕ್ರೋನಿ ಏನೂ ಮಾಡಿಲ್ಲ. ಏಕೆ?

ಅದಕ್ಕೆ ಇನ್ನೂ ಗೊತ್ತೇ ಆಗಿಲ್ಲದಿರಬಹುದು. ಸಮಯ ಸ್ಥಿರವಾಗಿದ್ದಾಗ ಎನ್‌ಟಿಪಿ ವಿಚಾರಿಸುವ ಅಂತರವನ್ನು 64 ಸೆಕೆಂಡ್‌ನಿಂದ 1024 ಸೆಕೆಂಡ್‌ವರೆಗೆ ಹಿಗ್ಗಿಸುತ್ತದೆ. ವಿಚಾರಿಸಿದ ಮರುಕ್ಷಣದಲ್ಲಿಯೇ ನೀವು ಗೆಸ್ಟ್ ಸಾಗಿಸಿದ್ದರೆ ಮುಂದಿನ ವಿಚಾರಣೆ 17 ನಿಮಿಷಗಳ ನಂತರ. ಸ್ವಂತ ಕಟ್ಟಡದೊಳಗೇ ಎನ್‌ಟಿಪಿ ಸರ್ವರ್ ಇಟ್ಟುಕೊಂಡು, ಗೆಸ್ಟ್‌ಗಳಲ್ಲಿ ಗರಿಷ್ಠ ಅಂತರವನ್ನು 64 ಸೆಕೆಂಡಿಗೆ ಇಳಿಸಿ. ಹೊರಗಿನ ಸಾರ್ವಜನಿಕ ಸರ್ವರ್‌ಗಳ ಮೇಲೆ ಮಾತ್ರ ಈ ಪದೇ ಪದೇ ವಿಚಾರಣೆಯನ್ನು ಹೇರಬೇಡಿ, ಅದು ಸಭ್ಯತೆಯಲ್ಲ.

ಇನ್ನೂ ಒಳ್ಳೆಯ ದಾರಿಯೆಂದರೆ 2017ರ ಲಿನಕ್ಸ್ 4.11ರಿಂದ ಇರುವ ಪಿಟಿಪಿ-ಕೆವಿಎಂ. ಇದು ಹೋಸ್ಟ್‌ನ ಗಡಿಯಾರವನ್ನೇ ಗೆಸ್ಟ್‌ನೊಳಗೆ ಒಂದು ಸಾಧನದಂತೆ ತೋರಿಸುತ್ತದೆ. ಕ್ರೋನಿಗೆ ಅದನ್ನು ಆಕರವಾಗಿ ಕೊಟ್ಟರೆ ನೆಟ್‌ವರ್ಕ್‌ನ ಏರುಪೇರಿಲ್ಲದೆ ಕೆಲವೇ ಸೆಕೆಂಡಿಗೊಮ್ಮೆ ಹೋಲಿಸಿ ನೋಡುತ್ತದೆ. ಆದರೆ ಇಲ್ಲಿ ಗೆಸ್ಟ್ ಪೂರ್ತಿಯಾಗಿ ಹೋಸ್ಟ್ ಅನ್ನು ನಂಬುತ್ತದೆ. ಹೋಸ್ಟ್‌ಗಳೆಲ್ಲ ಒಂದೇ ಆಕರಕ್ಕೆ ಬಿಗಿಯಾಗಿ ಹೊಂದಿಕೊಂಡಿದ್ದರೆ ಇದಕ್ಕಿಂತ ಉತ್ತಮವಾದುದಿಲ್ಲ. ಒಂದು ಹೋಸ್ಟ್ ಅರ್ಧ ಸೆಕೆಂಡ್ ಆಚೀಚೆ ಇದ್ದರೆ ಆ ಅರ್ಧ ಸೆಕೆಂಡ್ ಗೆಸ್ಟ್‌ಗೂ ಬರುತ್ತದೆ. ಇತ್ತೀಚೆಗೆ ಲಿನಕ್ಸ್‌ಗೆ ಬಂದಿರುವ ವಿಎಂಕ್ಲಾಕ್ ಎಂಬ ಸಾಧನ ಒಂದು ಹೆಜ್ಜೆ ಮುಂದೆ ಹೋಗಿ, ಮೈಗ್ರೇಶನ್‌ನಿಂದ ಗಡಿಯಾರಕ್ಕೆ ಅಡ್ಡಿಯಾಗಿದೆ ಎಂದು ಗೆಸ್ಟ್‌ಗೆ ತಿಳಿಸುವ ಗುರುತನ್ನೂ ಒಯ್ಯುತ್ತದೆ.

ಸಮಯವನ್ನು ಎಲ್ಲಿಂದ ಪಡೆಯಬೇಕು?

ಇದು ಈಗ ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಡೇಟಾ ಸೆಂಟರ್‌ಗಳು ಮತ್ತು ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಂದ ಸಮಯ ಪಡೆಯುವ ಸರ್ವರ್‌ಗಳಿಗೆ ಹೊಂದಿಸಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದೂ ಅದೇ ನಿರ್ದೇಶನ ಹೇಳುತ್ತದೆ. ಸಮಯ ಹಿಂದುಮುಂದಾದ ಲಾಗ್‌ಗಳನ್ನು 180 ದಿನ ಇಟ್ಟುಕೊಂಡು ಏನು ಪ್ರಯೋಜನ ಎಂಬುದನ್ನು ನೀವೇ ಯೋಚಿಸಿ.

ಕಟ್ಟಡದೊಳಗೆ ಮೂರು ನಾಲ್ಕು ಎನ್‌ಟಿಪಿ ಸರ್ವರ್‌ಗಳನ್ನು, ಸಾಧ್ಯವಾದರೆ ಮೈಗ್ರೇಶನ್ ಆಗದ ನಿಜವಾದ ಯಂತ್ರಗಳ ಮೇಲೆ ಇಡಿ. ಅವು ಹೊರಗಿನಿಂದ ಪಡೆಯಲಿ, ಉಳಿದವರೆಲ್ಲ ಅವುಗಳಿಂದ ಪಡೆಯಲಿ. ಆಕರ ಎರಡೇ ಇದ್ದು ಅವು ಜಗಳವಾಡಿದರೆ ಯಾರು ಸರಿ ಎಂದು ತಿಳಿಯುವುದಿಲ್ಲ, ಮೂರು ಬೇಕು, ನಾಲ್ಕಿದ್ದರೆ ಒಂದು ಸತ್ತರೂ ನಡೆಯುತ್ತದೆ. ಮಳೆಗಾಲದಲ್ಲಿ ಘಾಟಿಯ ಕಡೆ ಕೇಬಲ್ ಕಡಿದು ಸಂಪರ್ಕ ಸುತ್ತುದಾರಿಯಲ್ಲಿ ಬಂದಾಗ, ಹೋಗುವ ದಾರಿ ಮತ್ತು ಬರುವ ದಾರಿ ಬೇರೆಯಾಗಿ ಸಮಯ ತುಸು ಓರೆಯಾಗುತ್ತದೆ. ಆ ತಪ್ಪು ಹೋಗಿಬರುವ ಒಟ್ಟು ವಿಳಂಬದ ಅರ್ಧವನ್ನು ಮೀರುವುದಿಲ್ಲ. ಟೆರೇಸಿನ ಮೇಲೆ ಜಿಪಿಎಸ್ ಆಂಟೆನಾ ಇಡುವವರು ಸಿಡಿಲು ರಕ್ಷಕವನ್ನು ಮರೆಯಬಾರದು. ಏಪ್ರಿಲ್–ಮೇ ತಿಂಗಳ ಸಂಜೆಯ ಸಿಡಿಲು ನಮ್ಮೂರಿನವರಿಗೆ ಹೊಸತಲ್ಲ.

ಮೈಗ್ರೇಶನ್ ಆದ ಮೇಲೆ ಸಮಯ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ತೋರಿಸುತ್ತಿದೆ.

ಐದೂವರೆ ಗಂಟೆ ಎಂದು ಕೇಳಿದ ಕೂಡಲೇ ಎಣಿಕೆ, ವೇಗ, ಎನ್‌ಟಿಪಿ ಎಲ್ಲವನ್ನೂ ಪಕ್ಕಕ್ಕಿಡಿ. ಇದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮತ್ತು ಭಾರತೀಯ ಸಮಯದ ಗೊಂದಲ. ಲಿನಕ್ಸ್ ಯಂತ್ರದ ಆರ್‌ಟಿಸಿಯಲ್ಲಿ (ಆಫ್ ಆದಾಗಲೂ ಓಡುವ ಗಡಿಯಾರದಲ್ಲಿ) ಯುಟಿಸಿ ಇದೆ ಎಂದು ಭಾವಿಸುತ್ತದೆ, ವಿಂಡೋಸ್ ಸ್ಥಳೀಯ ಸಮಯ ಇದೆ ಎಂದು ಭಾವಿಸುತ್ತದೆ. ಲಿಬ್‌ವರ್ಟ್‌ನಲ್ಲಿ ಲಿನಕ್ಸ್ ಗೆಸ್ಟ್‌ಗೆ ಕ್ಲಾಕ್ ಆಫ್‌ಸೆಟ್ ‘ಯುಟಿಸಿ’ ಎಂದೂ ವಿಂಡೋಸ್ ಗೆಸ್ಟ್‌ಗೆ ‘ಲೋಕಲ್ ಟೈಮ್’ ಎಂದೂ ಇರಬೇಕು; ಹೊಸ ಹೋಸ್ಟ್‌ನ ಟೈಮ್ ಝೋನ್ ಅನ್ನು ಯಾರೂ ಹೊಂದಿಸದೆ ಯುಟಿಸಿಯಲ್ಲಿಯೇ ಬಿಟ್ಟಿದ್ದರೆ ಅಲ್ಲಿನ ಲೋಕಲ್ ಟೈಮ್ ಎಂಬುದೂ ಯುಟಿಸಿಯೇ ಆಗಿ, ಮುಂದಿನ ಪೂರ್ಣ ಬೂಟ್‌ನಲ್ಲಿ ವಿಂಡೋಸ್ ಗೆಸ್ಟ್ ಐದೂವರೆ ಗಂಟೆ ಹಿಂದೆ ಏಳುತ್ತದೆ.

ಎನ್‌ಟಿಪಿಯಲ್ಲಿ ಓಡಾಡುವುದು ಯುಟಿಸಿ ಮಾತ್ರ, ಟೈಮ್ ಝೋನ್ ಬರೀ ತೋರಿಕೆ. ಹಾಗೆ ನೋಡಿದರೆ ನಾವು ಬಳಸುವ ಭಾರತೀಯ ಸಮಯವೇ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಮಂಗಳೂರು ಇರುವುದು 75 ಡಿಗ್ರಿಯ ಆಸುಪಾಸಿನಲ್ಲಿ, ಆದ್ದರಿಂದ ನಮ್ಮ ನೆತ್ತಿಯ ಸೂರ್ಯ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ತಡವಾಗಿಯೇ ಬರುತ್ತಾನೆ.

ಎಷ್ಟು ವ್ಯತ್ಯಾಸದವರೆಗೆ ಚಿಂತೆ ಇಲ್ಲ?

ಮೇಲೆ ಓಡುವ ತಂತ್ರಾಂಶವನ್ನು ಅವಲಂಬಿಸಿದೆ. ಲಾಗಿನ್ ಪರಿಶೀಲಿಸುವ ಕರ್ಬೆರೋಸ್ ಸಾಮಾನ್ಯವಾಗಿ ಐದು ನಿಮಿಷದವರೆಗೆ ಸಹಿಸುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಬರುವ ಒಟಿಪಿ 30 ಸೆಕೆಂಡಿಗೊಮ್ಮೆ ಬದಲಾಗುವುದರಿಂದ ಒಂದು ನಿಮಿಷ ತಪ್ಪಿದರೆ ಲಾಗಿನ್ ಕೈಕೊಡುತ್ತದೆ. ಕಾಕ್ರೋಚ್‌ಡಿಬಿ ಎಂಬ ಡೇಟಾಬೇಸ್‌ನ ಪೂರ್ವನಿಗದಿತ ಮಿತಿ 500 ಮಿಲಿಸೆಕೆಂಡ್. ಸೆಫ್ ಎಂಬ ದತ್ತಾಂಶ ಸಂಗ್ರಹ ವ್ಯವಸ್ಥೆಯ ಮಾನಿಟರ್‌ಗಳು 50 ಮಿಲಿಸೆಕೆಂಡ್ ದಾಟಿದರೆ ದೂರು ಕೊಡುತ್ತವೆ, ಆದ್ದರಿಂದ ಅವನ್ನು ಮೈಗ್ರೇಶನ್ ಆಗುವ ಗೆಸ್ಟ್‌ಗಳ ಮೇಲೆ ಇಡದಿರುವುದೇ ಲೇಸು. ಕಸಾಂಡ್ರ ಡೇಟಾಬೇಸ್ ದೂರು ಕೊಡುವುದೇ ಇಲ್ಲ, ಅದೇ ಅಪಾಯ: ಎರಡು ಬರಹಗಳಲ್ಲಿ ಸಮಯದ ಮುದ್ರೆ ದೊಡ್ಡದಿರುವುದನ್ನು ಸದ್ದಿಲ್ಲದೆ ಉಳಿಸಿಕೊಳ್ಳುತ್ತದೆ, ಗಡಿಯಾರ ಹಿಂದೆ ಬಿದ್ದ ಗೆಸ್ಟ್‌ನ ಹೊಸ ಬರಹ ಕಳೆದುಹೋಗುತ್ತದೆ.

ಪ್ರೋಗ್ರಾಮ್ ಬರೆಯುವವರು ಏನು ಮಾಡಬೇಕು?

ಅವಧಿ ಅಳೆಯಲು ಗೋಡೆಗಡಿಯಾರ ಬಳಸಬಾರದು. ಎಂದೂ ಹಿಂದಕ್ಕೆ ಹೋಗದ ಮಾನೋಟಾನಿಕ್ ಗಡಿಯಾರ ಬಳಸಬೇಕು. ಹತ್ತು ಸೆಕೆಂಡ್ ಟೈಮ್‌ಔಟ್ ಎಂದರೆ ಹತ್ತು ಸೆಕೆಂಡ್, ನಡುವೆ ಯಾರು ಸಮಯ ತಿದ್ದಿದರೂ. ಆದರೆ ಒಂದು ಯಂತ್ರದ ಮಾನೋಟಾನಿಕ್ ಬೆಲೆಯನ್ನು ಇನ್ನೊಂದು ಯಂತ್ರದ್ದರ ಜೊತೆ ಹೋಲಿಸಬೇಡಿ, ಅವು ಬೇರೆ ಬೇರೆ ಆರಂಭಗಳಿಂದ ಎಣಿಸುತ್ತವೆ. ರಸೀದಿ, ವಹಿವಾಟು ಇತ್ಯಾದಿಗಳ ಕ್ರಮವನ್ನು ಸಮಯದಿಂದ ನಿರ್ಧರಿಸದೆ ಅನುಕ್ರಮ ಸಂಖ್ಯೆಯಿಂದ ನಿರ್ಧರಿಸಿ. 4417 ಮತ್ತು 4418ರ ಕ್ರಮ ನಮಗೆ ತಿಳಿದದ್ದು ಆ ಸಂಖ್ಯೆಗಳಿಂದಲೇ.

ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿದರೆ, ಅಥವಾ ಗೆಸ್ಟ್ ಅನ್ನು ರಾತ್ರಿಯಿಡೀ ತಡೆಹಿಡಿದಿದ್ದರೆ?

ಇದು ಮೈಗ್ರೇಶನ್‌ನ ಅಣ್ಣ. ಇಲ್ಲಿ ಅಂತರ ಗಂಟೆಗಳಲ್ಲಿ ಇರುತ್ತದೆ. ಎನ್‌ಟಿಪಿಡಿ 1000 ಸೆಕೆಂಡ್‌ಗಿಂತ ಹೆಚ್ಚಿನ ವ್ಯತ್ಯಾಸ ಕಂಡರೆ ಏನೋ ಕೆಟ್ಟಿದೆ ಎಂದು ತಾನೇ ನಿಂತುಬಿಡುತ್ತದೆ, ಆ ಮೇಲೆ ತಿದ್ದುವವರು ಯಾರೂ ಇರುವುದಿಲ್ಲ. ಗೆಸ್ಟ್‌ಗಳಲ್ಲಿ ಈ ಮಿತಿಯನ್ನು ಸೊನ್ನೆ ಮಾಡಿ ತೆಗೆದುಹಾಕಬೇಕು. ಕ್ರೋನಿಯ ರೂಢಿಯ ಸಂರಚನೆಯಲ್ಲಿ ಜಿಗಿಯಲು ಅನುಮತಿ ಇರುವುದು ಆರಂಭದ ಮೂರು ತಿದ್ದುಪಡಿಗಳಲ್ಲಿ ಮಾತ್ರ, ಆದ್ದರಿಂದ ಎಬ್ಬಿಸಿದ ಕೂಡಲೇ ‘ಮೇಕ್‌ಸ್ಟೆಪ್’ ಆದೇಶವನ್ನು ಕೈಯಾರೆ ಕೊಡಿ.

ಕಂಟೇನರ್‌ಗಳಿಗೂ ಇದು ಅನ್ವಯವೇ?

ಹೋಸ್ಟ್‌ನ ಕರ್ನೆಲ್ ಅನ್ನೇ ಹಂಚಿಕೊಂಡು ಓಡುವ ಕಂಟೇನರ್‌ಗೆ ಸ್ವಂತ ಗೋಡೆಗಡಿಯಾರ ಇಲ್ಲ, ಹೋಸ್ಟ್‌ನದ್ದೇ ಅದರದ್ದು. ಓಡುತ್ತಿರುವ ಕಂಟೇನರ್ ಸಾಗಿಸುವವರಿಗಾಗಿ ಲಿನಕ್ಸ್ 5.6ರಲ್ಲಿ ಟೈಮ್ ನೇಮ್‌ಸ್ಪೇಸ್ ಬಂದಿದೆ. ಅದು ಮಾನೋಟಾನಿಕ್ ಮತ್ತು ಬೂಟ್ ಸಮಯವನ್ನು ಮಾತ್ರ ಸರಿಸುತ್ತದೆ.

ಭೂಮಿಯ ತಿರುಗುವಿಕೆಗೆ ಹೊಂದಿಸಲು ಸೇರಿಸುವ ಲೀಪ್ ಸೆಕೆಂಡ್ ಬಗ್ಗೆ ಚಿಂತಿಸಬೇಕೇ?

ಸದ್ಯಕ್ಕೆ ಬೇಡ. ಕೊನೆಯದು ನಮ್ಮ ಗಡಿಯಾರದಲ್ಲಿ 2017ರ ಜನವರಿ 1ರ ಬೆಳಗ್ಗೆ 5:30ಕ್ಕೆ ಬಂತು, ಮತ್ತು 2035ರೊಳಗೆ ಈ ಪದ್ಧತಿಯನ್ನು ಕೈಬಿಡಲು 2022ರಲ್ಲಿಯೇ ಅಂತರರಾಷ್ಟ್ರೀಯ ತೀರ್ಮಾನವಾಗಿದೆ.

ಎಲ್ಲ ಸರಿಯಿದೆ ಎಂದು ಪರೀಕ್ಷಿಸುವುದು ಹೇಗೆ?

ಕೆಲಸಕ್ಕೆ ಬಾರದ ಒಂದು ಸಣ್ಣ ಗೆಸ್ಟ್ ಮಾಡಿ, ಅದರಲ್ಲಿ ಎನ್‌ಟಿಪಿ ನಿಲ್ಲಿಸಿ. ಮೂರನೆಯ ಒಂದು ಯಂತ್ರದಿಂದ ಸೆಕೆಂಡಿಗೊಮ್ಮೆ ಅದರ ಸಮಯ ಕೇಳಿ, ತನ್ನ ಸಮಯದೊಂದಿಗಿನ ವ್ಯತ್ಯಾಸವನ್ನು ಕಡತಕ್ಕೆ ಬರೆಸಿ. ಈಗ ಗೆಸ್ಟ್ ಅನ್ನು ಹಳೆಯ ಹೋಸ್ಟ್‌ನಿಂದ ಹೊಸದಕ್ಕೆ, ಹೊಸದರಿಂದ ಹಳೆಯದಕ್ಕೆ ಹತ್ತು ಸಲ ಸಾಗಿಸಿ, ಪ್ರತಿ ಕಡೆ ಹತ್ತು ನಿಮಿಷ ಬಿಡಿ. ಗೆರೆ ಎಳೆದು ನೋಡಿದಾಗ ಪ್ರತಿ ಸಾಗಣೆಗೆ ಒಂದು ಸಣ್ಣ ಮೆಟ್ಟಿಲು ಕಂಡರೆ ಅದು ನಿಲುಗಡೆಯ ಅವಧಿ, ಸಹಜ. ಮೆಟ್ಟಿಲುಗಳ ನಡುವೆ ಗೆರೆ ಓರೆಯಾಗಿ ಏರಿದರೆ ಅಥವಾ ಇಳಿದರೆ ವೇಗ ಹೊಂದುತ್ತಿಲ್ಲ. ಕಣ್ಣಿಗೆ ಕಾಣುವಷ್ಟು ಓರೆಯಿದ್ದರೆ ಆ ಹೋಸ್ಟ್‌ಗೆ ಡೇಟಾಬೇಸ್ ಸಾಗಿಸಬೇಡಿ, ಮೊದಲು ಅದರ ಲಾಗ್‌ನಲ್ಲಿ ಟಿಎಸ್‌ಸಿ ಎಂದು ಹುಡುಕಿ. ನಂತರ ಎನ್‌ಟಿಪಿ ಚಾಲನೆ ಮಾಡಿ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಪ್ರತಿ ಮೆಟ್ಟಿಲು ಎಷ್ಟು ಹೊತ್ತಿನಲ್ಲಿ ಸಮತಟ್ಟಾಗುತ್ತದೆ ಎಂದು ಬರೆದಿಡಿ. ಎರಡೂ ಸೇರಿ ಒಂದು ಪೂರ್ತಿ ದಿನದ ಕೆಲಸ. ಮೇ ತಿಂಗಳಲ್ಲಿ, ಕರೆಂಟ್ ಇನ್ನೂ ನೆಟ್ಟಗಿರುವಾಗ ಮಾಡಿ ಮುಗಿಸಿ.